ಮೇಲಿನ ಗೆರೆ

ದೀಪ ಸ್ವಲ್ಪ ಸಣ್ಣದು ಮಾಡಿ, ಹೇಳ್ತೀನಿ. ನಮ್ಮ ದೊಡ್ಡಮ್ಮನ ಮಗನಿಗೆ ಆದದ್ದಿದು.

ಅವನನ್ನು ಎಲ್ಲರೂ ಪಂಪಣ್ಣ ಅಂತಲೇ ಕರೀತಿದ್ದರು. ಊರಾಚೆಯ ಸಣ್ಣ ವಿಮಾನ ನಿಲ್ದಾಣದಲ್ಲಿ ಕೈಪಂಪು ತಿರುಗಿಸಿ ಪೆಟ್ರೋಲ್ ತುಂಬುವ ಕೆಲಸ ಅವನದು. ಬರುತ್ತಿದ್ದದ್ದು ಒಂದೇ ವಿಮಾನ, ಬೆಟ್ಟಗಳಾಚೆಯ ಅಂಥದ್ದೇ ಇನ್ನೊಂದು ನಿಲ್ದಾಣದಿಂದ. ಗಾಳಿ ಬೆನ್ನಿಗಿರುತ್ತಿದ್ದರಿಂದ ಬರೋದಕ್ಕೆ ಐವತ್ತು ನಿಮಿಷ. ಹೋಗುವಾಗ ಅದೇ ಗಾಳಿ ಎದುರಿಗೆ, ಎಪ್ಪತ್ತೈದು. ಪೆಟ್ರೋಲ್ ತೋರಿಸುವ ಮುಳ್ಳು ಎಂದೋ ಕೆಟ್ಟಿತ್ತು. ಟ್ಯಾಂಕಿಗೆ ಮರದ ಕೋಲು ಇಳಿಸಿಯೇ ಅಳೆಯಬೇಕು. ಕೋಲಿಗೆ ಎರಡು ಗೆರೆ. ಕೆಳಗಿನದು ಬರೋದಕ್ಕೆ, ಮೇಲಿನದು ಹೋಗೋದಕ್ಕೆ.

ಒಂದು ಸಂಜೆ ಪಂಪು ತಿರುಗಿಸಿ ಪಂಪಣ್ಣನ ಭುಜ ನೋವಿಗೆ ಪದ ಹೇಳ್ತಿತ್ತು. "ದೂರ ಎರಡೂ ಕಡೆಗೆ ಅಷ್ಟೇ ತಾನೇ, ಗಾಳಿಗೋಸ್ಕರ ನಾನ್ಯಾಕೆ ಕೈ ಮುರ್ಕೊಳ್ಳಲಿ" ಅಂತ ಗೊಣಗಿ ನಡುವೆಯೇ ಪಂಪು ಬಿಟ್ಟ. ಕೋಲು ಮುಟ್ಟಲೂ ಇಲ್ಲ, ಮೈಗಳ್ಳ.

"ಮೇಲಿನ ಗೆರೆಗೆ ಬಂತೇನಪ್ಪಾ?" ಅಂದರು ವಿಮಾನ ಓಡಿಸುವ ಕ್ಯಾಪ್ಟನ್.

"ಬಂತು ಸಾರ್."

ಆಚೆಯ ನಿಲ್ದಾಣದ ದೀಪ ಕಾಣುವಷ್ಟು ಹತ್ತಿರದಲ್ಲಿ ಇಂಜಿನ್ ನಿಂತಿತು. ವಿಮಾನ ಬಂಡೆಗೆ ಬಡಿಯಿತು. ಕಬ್ಬಿಣದ ಸಲಾಕೆಯೊಂದು ಕ್ಯಾಪ್ಟನ್ನರ ಎದೆ ಹೊಕ್ಕು ಬೆನ್ನಲ್ಲಿ ಹೊರಬಂದಿತ್ತು. ವಿಚಾರಣೆಯಲ್ಲಿ ಪಂಪಣ್ಣ, "ನಾನು ಅಳೆದಿದ್ದೆ, ಅವರೇ ದಾರಿ ತಪ್ಪಿರಬೇಕು" ಅಂದುಬಿಟ್ಟ. ತಪ್ಪು ಸತ್ತವರ ತಲೆಗೆ ಬಿತ್ತು. ಅವರ ಹೆಂಡತಿಯ ಜೊತೆ ಯಾರೂ ಮುಖ ಕೊಟ್ಟು ಮಾತಾಡಲಿಲ್ಲ. ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತೆ.

ಹೊಸ ವಿಮಾನ ಬಂತು, ಕೋಲು ಮಾತ್ರ ಅದೇ. ಒಂದು ರಾತ್ರಿ ಪಂಪಣ್ಣ ಆ ಕೋಲನ್ನು ಶೆಡ್ಡಿನಲ್ಲಿಟ್ಟು, ಬೀಗ ಜಡಿದು, ಹಾಳು ಬಾವಿಯ ಪಕ್ಕದ ದಾರಿಯಲ್ಲಿ ಮನೆಗೆ ಹೊರಟಿದ್ದ. ಒಂದೆಲೆ ಅಲ್ಲಾಡ್ತಿಲ್ಲ. ಆದರೂ... ಸುಂಯ್... ಸುಂಯ್... ಬಾವಿಕಟ್ಟೆಗೆ ಮರ ಬಡಿದ ಸದ್ದು. ಟಕ್. ಟಕ್.

ಕಟ್ಟೆಯ ಮೇಲೆ ಕ್ಯಾಪ್ಟನ್ ಕೂತಿದ್ದರು, ಕೈಯಲ್ಲಿ ಅದೇ ಕೋಲು. ಎದೆಯ ತೂತಿನಲ್ಲಿ ಉಸಿರು ಹೋಗಿ ಬರ್ತಿತ್ತು. ಸುಂಯ್...

"ಯಾವಾಗ... ಬಂದ್ರಿ ಸಾರ್?"

"ಈಗಷ್ಟೇ. ಬರೋದಕ್ಕೆ ಐವತ್ತೇ ನಿಮಿಷ ಅಲ್ವಾ." ಪಿಸುದನಿ. "ಅವತ್ತು ಅಳೆದ್ಯಾ?"

"ಅ... ಅಳೆದೆ ಸಾರ್."

"ಬಾಯಿ ತೆಗಿ. ನೋಡೋಣ."

ತಣ್ಣನೆಯ ಬೆರಳುಗಳು ದವಡೆ ಹಿಡಿದವು. ಲಟಕ್... ಕೀಲು ಕಳಚಿತು. ಕೋಲು ಮುಂದಿನ ಹಲ್ಲುಗಳನ್ನು ಮುರಿದುಕೊಂಡೇ ಒಳಗೆ ನುಗ್ಗಿತು. ಗಂಟಲಲ್ಲಿ ರಕ್ತ ಗೊಳಗೊಳ ಅಂತು. ಕ್ಯಾಪ್ಟನ್ ಕೋಲು ಹೊರಗೆಳೆದು, ನಕ್ಷತ್ರದ ಬೆಳಕಿಗೆ ಹಿಡಿದು ನೋಡಿದರು.

"ಸಾಲದು."

ಮತ್ತೆ ತುರುಕಿದರು. ಎಳೆದು ನೋಡಿದರು. ಮತ್ತೆ... ಮತ್ತೆ... ಪ್ರತಿಸಲ ಇನ್ನಷ್ಟು ಆಳಕ್ಕೆ.

ಬೆಳಿಗ್ಗೆ ಬಾವಿಯ ಹತ್ತಿರ ಬಿದ್ದಿದ್ದ. ಜೀವ ಇತ್ತು. ಮಾತು ಬಂದ ದಿನವೇ ಆಸ್ಪತ್ರೆಯ ಮಂಚದ ಹತ್ತಿರಕ್ಕೆ ವಿಚಾರಣೆಯವರನ್ನು ಕರೆಸಿ, ಹೊಲಿಗೆ ಹಾಕಿದ ಬಾಯಲ್ಲೇ "ಅಳೀಲಿಲ್ಲ, ನಾನು ಅಳೀಲೇ ಇಲ್ಲ" ಅಂತ ಗೋಳಾಡಿದ. ಕ್ಯಾಪ್ಟನ್ನರ ಮೇಲಿದ್ದ ಅಪವಾದ ಅವತ್ತು ಹೋಯಿತು.

ಕುಡಿದು ಬಿದ್ದಿರ್ತಾನೆ ಅಂದವರೂ ಇದ್ದಾರೆ. ಅನ್ನಲಿ. ಅವನು ಸಿಕ್ಕ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದದ್ದು ನಾನು, ಇದೇ ಕೈಯಲ್ಲಿ. ಬೀಗ ಹಾಕಿದ ಹಾಗೇ ಇತ್ತು. ಕೋಲು ಅದರ ಮೂಲೆಯಲ್ಲೇ ನಿಂತಿತ್ತು. ಕೆಂಪಗೆ ಒದ್ದೆಯಾಗಿತ್ತು... ಸರಿಯಾಗಿ ಮೇಲಿನ ಗೆರೆಯವರೆಗೆ. ಅಲ್ಲೇ ಮರದಲ್ಲಿ ಒಂದು ಹಲ್ಲು ನಾಟಿಕೊಂಡಿತ್ತು.