ಸ್ಯೂರ್ಡ್ ಮಾವನಿಗೆ ಬಗ್ಗದ ಬೀಗ

ಆಮ್‌ಸ್ಟರ್‌ಡ್ಯಾಮಿನ ರೈಲು ನಿಲ್ದಾಣದ ಹಿಂದಿನಿಂದ ಆಚೆ ದಡಕ್ಕೆ ಹೋಗುವ ದೋಣಿಯಲ್ಲಿ ಸೈಕಲ್ ಹಿಡಿದು ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಮುದುಕ, ಒಬ್ಬ ಯುವತಿ; ಅವರ ಕೈಲೂ ಸೈಕಲ್. ಕೀಲಿಯಿಲ್ಲದೆ ಬೀಗ ತೆರೆಯುವ ಹವ್ಯಾಸಿಗಳ ಕೂಟದಿಂದ ಬರುತ್ತಿದ್ದರೆಂದು ಮಾತಿನಿಂದಲೇ ತಿಳಿಯಿತು. ಅವಳ ಕೈಯಲ್ಲೊಂದು ಸೈಕಲ್ ಬೀಗವಿತ್ತು.

“ಕೊಡೇ ಹಿಲ್ಕೆ, ಇನ್ನೊಂದ್ಸಲ ನೋಡ್ತೀನಿ.”

“ಆಗಲ್ಲ ಸ್ಯೂರ್ಡ್ ಮಾವ. ತೆರೆದವರಿಗೆ ಬೀಗ, ತೆರೆಯದಿದ್ರೆ ಮಾಡಿದವರಿಗೇ ವಾಪಸ್ಸು. ನಿಮ್ಮ ಕೂಟದ್ದೇ ನಿಯಮ.”

“ನೀನು ಮಾಡಿದ ಹಳೇ ಬೀಗಗಳನ್ನೆಲ್ಲ ತೆರೆದು ಗೆದ್ದಿದೀನಿ, ನನ್ನ ಅಡುಗೆಮನೇಲಿ ನೇತಾಡ್ತಿವೆ.”

“ಕಾಫಿಗೆ ಬಂದಾಗಲೆಲ್ಲ ತೋರಿಸ್ತೀರಲ್ಲ, ಮರೆಯೋದು ಹೇಗೆ?”

“ಆ ಬೀಗದ ಕಾರ್ಖಾನೆಯವರು ನಿನಗೆ ಏನಂದಿದ್ರು?”

“ಸ್ಯೂರ್ಡ್ ಕೈಲಿ ತೆರೆಯೋಕಾಗದ ಬೀಗ ತಂದ್ರೆ ತಯಾರಿಸಿ ಮಾರ್ತೀವಿ, ಇಲ್ಲದಿದ್ರೆ ಇನ್ನು ಬರಬೇಡ ಅಂದಿದ್ರು.”

“ಬೀಗ ತೆರೆಯೋ ಕಡ್ಡಿ ಹಾಕಿದೆ, ತಿರುಗಲಿಲ್ಲ. ಹಲ್ಲುಗಳನ್ನ ಅರದಿಂದ ಉಜ್ಜಿದ ಕೀಲಿ ತೂರಿಸಿ ಸುತ್ತಿಗೇಲಿ ಕುಟ್ಟಿದೆ. ಕುಟ್ಟಿದ್ರೆ ಒಳಗಿನ ಮೊಳೆಗಳೆಲ್ಲ ಒಟ್ಟಿಗೆ ಹಾರಬೇಕು ತಾನೇ?”

“ಒಂದು ಮೊಳೆ ಮಾತ್ರ ಹಾರಲ್ಲ. ನಿಮ್ಮ ಕೀಲಿಗೆ ತಾಗದ ಹಾಗೆ ಮೇಲೆ ಕೂತಿದೆ. ನಿಜವಾದ ಕೀಲಿ ಮಾತ್ರ ಅಷ್ಟೆತ್ತರ ಮುಟ್ಟುತ್ತೆ. ಕಡ್ಡೀಲಿ ಜಾಸ್ತಿ ಎತ್ತಿದ್ರೆ ಅಲ್ಲೇ ಸಿಕ್ಕಿಕೊಳ್ಳುತ್ತೆ.”

ಮುದುಕ ಬಗ್ಗಿ ಅವಳ ಕೈಲಿದ್ದ ಬೀಗದ ಕಂಡಿಯೊಳಗೆ ಇಣುಕಿದ. ಇಬ್ಬರ ಮುಖವೂ ಬೆಳಗುತ್ತಿತ್ತು.

“ಸೋತೆ ಅಂತ ನಾಳೆ ನಾನೇ ಕಾರ್ಖಾನೆಯವರಿಗೆ ಫೋನ್ ಮಾಡ್ತೀನಿ. ಬೀಗ ತಯಾರಾದಾಗ ನನಗೊಂದು ತೆಗೆದಿಡು.”

“ಅಂಗಡೀಲಿ ಕೊಂಡ್ಕೊಳ್ಳಿ.”

“ಜನ್ಮದಲ್ಲಿ ಬೀಗ ಕೊಂಡವನಲ್ಲ ನಾನು.”

“ಈ ಸಲ ಕೊಳ್ಳಲೇಬೇಕು ಮಾವ.”

ದೋಣಿ ದಡ ಮುಟ್ಟಿತು. ಅವಳು ಬೀಗವನ್ನು ಕೋಟಿನ ಜೇಬಿಗಿಳಿಸಿ ಪೆಡಲ್ ತುಳಿದಳು. ಮುದುಕ ನಗುತ್ತಲೇ ಅವಳ ಹಿಂದೆ ಹೋದ.