ಅಮ್ಮನ ಕಷಾಯದ ಗುಣ

ಎಚ್‌ಐವಿ ಮಾತ್ರೆ ಕೊಡುವ ಕಿಟಕಿಯ ಸಾಲಿನಲ್ಲಿ ನನ್ನ ಮುಂದೆ ಒಬ್ಬ ದರ್ಜಿ, ಅವನ ಅಕ್ಕ ನಿಂತಿದ್ದರು. ದರ್ಜಿಯ ಕೊರಳಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು.

"ಪಕ್ಕದ ಮನೆ ಪೇಂಟರ್ ಇಲ್ಲಿಗೆ ಬರೋದು ಬಿಟ್ಟಿದಾನೆ ಕಣೋ. ಅಮ್ಮನ ಕಷಾಯ ಕುಡೀತಿದಾನಂತೆ," ಅಂದಳು ಅಕ್ಕ.

"ಅವನಿಗ್ಯಾಕೆ ಕೊಟ್ಳು?"

"ನಿನ್ನನ್ನೇ ತೋರಿಸಿದಾಳೆ. ನನ್ನ ಮಗ ಮಾತ್ರೆ ಬಿಸಾಕಿ ಇದರಲ್ಲೇ ಗುಣ ಆದ ಅಂತ."

ಅವನು ಟೇಪನ್ನು ಬೆರಳಿಗೆ ಸುತ್ತತೊಡಗಿದ.

"ಮಾತ್ರೆ ಬಿಟ್ಟಿಲ್ಲ ಅಂತ ಅಮ್ಮಂಗೆ ಹೇಳಿಬಿಡೋ."

"ಹೆಂಗೆ ಹೇಳ್ಲಿ ಅಕ್ಕಾ? ಬೆಳಗ್ಗೆ ಎದ್ದು ಬೇರು ಕುಟ್ತಾಳೆ. ಲೋಟ ಖಾಲಿಯಾಗೋವರೆಗೂ ಎದುರಿಗೇ ಕೂತಿರ್ತಾಳೆ."

"ಡಾಕ್ಟರಿಗಾದ್ರೂ ಕಷಾಯದ ವಿಷಯ ಹೇಳಿದೀಯಾ?"

"ಇಲ್ಲ. ಬೈತಾರೆ."

"ಪೇಂಟರ್ ಹಾಸಿಗೆ ಹಿಡಿದಿದಾನೆ ಕಣೋ. ಅಮ್ಮ ಕಷಾಯ ಇನ್ನಷ್ಟು ಗಟ್ಟಿ ಮಾಡ್ತಿದಾಳೆ."

ಕಿಟಕಿಯಿಂದ ಮಾತ್ರೆ ಬಾಟಲಿ ಬಂತು.

"ಅದನ್ನ ಹಂಗೇ ಇಟ್ಕೋ. ಪೇಂಟರ್‌ಗೆ ತೋರಿಸೋಣ," ಅಂದಳು ಅಕ್ಕ.

ಅಷ್ಟರಲ್ಲಿ ಅವನು ಮಾತ್ರೆಗಳನ್ನು ಜೇಬಿನಲ್ಲಿದ್ದ ಗುಂಡಿ ಡಬ್ಬಿಗೆ ಸುರಿದುಕೊಂಡು, ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಿಯಾಗಿತ್ತು.

"ಅಭ್ಯಾಸ ಆಗಿಹೋಗಿದೆ ಅಕ್ಕಾ," ಅಂದ.

ಅವರು ಹೊರಟಾಗ ಅವನ ಜೇಬಿನಲ್ಲಿ ಅಂಗಿಯ ಗುಂಡಿಗಳದೇ ಸದ್ದು ಕೇಳಿಸುತ್ತಿತ್ತು.