ಕುಬಸದ ಹಸರು ಸೀರಿ

ನಗಬ್ಯಾಡ ರೇಣುಕಾ. ಅದು ಬಸ್ಸಿನ ತಪ್ಪು.

ನೋಡೇ ಹತ್ತೀನಿ ನಾ. ಲಕ್ಷ್ಮೇಶ್ವರ ಅಂತ ಬರದಿತ್ತು. ಬರದಿತ್ತು ಅಂದ್ರ... ಬರದಂಗ ಇತ್ತು. ಗದಗ ದಾಟಿ ಎರಡು ಮೈಲಿ ಹೋದ ಮ್ಯಾಲ ಕಂಡಕ್ಟರ್ ಬಂದ. ‘ಅಜ್ಜಾರ, ಇದು ಮುಂಡರಗಿ ಗಾಡಿರಿ’ ಅಂದ. ಮುಂಡರಗಿಗೆ ನಾಳೆ ಹೋಗೂದೈತೋ ಮಾರಾಯಾ, ಇವತ್ತಲ್ಲ, ಅಂದೆ. ಗಾಡಿ ತುಂಬ ನಕ್ರು. ಇಳಿಸಿದ. ಬಿಸಲಾಗ ನಡಕೋತ ವಾಪಸ್ ಬಂದೆ.

ಏನು? ಹೂಂ, ಮೊದಲ ಹಲಗಿ ಮ್ಯಾಲ ದೊಡ್ಡ ಅಕ್ಷರ ಇರತಿದ್ವು. ಈಗ ದೀಪದ ಅಕ್ಷರ ಮಾಡ್ಯಾರ. ಓಡ್ತಾವ. ಒಂದ ಕಡೆ ನಿಂದ್ರೂದಿಲ್ಲ. ಓಡೂದನ್ನ ಯಾರು ಓದಬೇಕು?

ನೀ ಕರ್ಚಿಕಾಯಿ ಮಾಡು. ಲಟ್ಟಣಿಗಿ ಸಪ್ಪಳ ನಿಂತತು. ನಾಳೆ ಬೆಳಿಗ್ಗೆ ಬುಟ್ಟಿ ಕಟ್ಟಬೇಕು ಅಂತ ಮೂರು ದಿನದಿಂದ ನೀನ ಹೊಯ್ಕೊಳ್ಳಾಕತ್ತೀದಿ. ಮೊಮ್ಮಗಳು ಅಂಕಿತಾಂದು ಮೊದಲನೇ ಕುಬಸ. ಮುಂಡರಗಿ ಬೀಗರ ಮನ್ಯಾಗ ಓಣಿ ಹೆಣ್ಣಮಕ್ಕಳೆಲ್ಲಾ ಕೂಡಿ ಬುಟ್ಟಿ ಬಿಚ್ಚಿ ನೋಡ್ತಾರ. ಉಂಡಿ ಸಣ್ಣವಾದ್ವು ಅಂತಾರ, ಹೋಳಿಗಿ ದಪ್ಪಾದ್ವು ಅಂತಾರ. ಅನ್ನಲಿ. ಸೀರಿ ಬಗ್ಗೆ ಒಬ್ಬರೂ ಸೊಲ್ಲ ಎತ್ತಬಾರದು. ಬಸರಿ ಹೆಣ್ಣು ಉಡೂದು ಹಸರು. ಆ ಹಸರು ಈ ಅಂದಪ್ಪನ ಕೈಯಾಗಿಂದ ಬರಬೇಕು. ಮೂರೂ ಹೆಣ್ಣಮಕ್ಕಳಿಗೆ ನಾನ ನೂಲಿಗೆ ಬಣ್ಣ ಹಾಕೀನಿ. ಅಂಕಿತಾಗೂ ನಾನ ಹಾಕೀನಿ. ಬೆಟಗೇರಿಯೊಳಗ ನಲವತ್ತೈದು ವರ್ಷ ನೂಲು ಅದ್ದಿದ ಕೈ ಇದು.

ತಂದೀನಿ. ತೊಡಿ ಮ್ಯಾಲ ಐತೆಲ್ಲ ಗಂಟು. ತೋರಸ್ತೀನಿ. ಅವಸರ ಏನೈತಿ?

ಇನ್ನೊಂದು ಕೇಳು. ಲಕ್ಷ್ಮೇಶ್ವರದ ಗಾಡಿ ಸಿಕ್ತು. ಕೇಳೇ ಹತ್ತಿದೆ. ಬಾಜೂಕ ಹೊಳೆಯಪ್ಪ ಕುಂತಿದ್ದ. ನಮ್ಮ ಬೀಗ. ಅದ ರುಮಾಲು, ಅದ ಹೊಟ್ಟಿ. ‘ಏನ್ರಿ ಬೀಗರ, ನಾಳೆ ಕುಬಸ ಇಟಗೊಂಡು ಎಲ್ಲಿ ತಿರಗಾಕತ್ತೀರಿ? ಪೆಂಡಾಲಿಗೆ ಹೇಳೀರೋ ಇಲ್ಲೋ? ಹೋದ ಸಲ ನಮಗ ಬಿಸಲಾಗ ಕುಂಡ್ರಿಸಿದ್ರಿ’ ಅಂತ ಶುರು ಮಾಡಿದೆ. ಅವ ‘ಹೂಂರಿ, ಹೂಂರಿ’ ಅಂದ. ಮುಂದಿನ ಸ್ಟಾಪಿಗೆ ಇಳದ ಬಿಟ್ಟ. ಇಳಿಯುವಾಗ ಹೇಳಿದ: ‘ಯಜಮಾನ್ರ, ನನಗ ಹೆಣ್ಣಮಕ್ಕಳೂ ಇಲ್ಲ, ಸೊಸಿನೂ ಇಲ್ಲ. ಆದ್ರೂ ಪೆಂಡಾಲಿಗೆ ಹೇಳ್ತೀನಿ.’

ನಗು, ನಗು. ನಕ್ಕರ ಕರ್ಚಿಕಾಯಿ ಬಾಯಿ ಬಿಟಗೊಳ್ತಾವ ನೋಡು.

ರುಮಾಲು ಸುತಗೊಂಡ್ರ ಎಲ್ಲಾರೂ ಹಂಗ ಕಾಣ್ತಾರ. ಅದಕ್ಕೇನ ಮಾಡೂದು?

ಆಮ್ಯಾಲ ಲಕ್ಷ್ಮೇಶ್ವರ ಸ್ಟ್ಯಾಂಡಿನ್ಯಾಗ ಗಿರಮಿಟ್ಟ ಕೇಳಿದೆ. ಕೊಟ್ಟ. ಮಿರ್ಚಿ ಕೊಟ್ಟ. ಛಲೋ ಇತ್ತು. ಅರ್ಧ ತಿಂದ ಮ್ಯಾಲ ಎದರಿಗೆ ಕುಂತ ಹುಡುಗಿ ‘ಅಜ್ಜಾ, ನಿಮ್ಮ ಪ್ಲೇಟ ಆ ಕಡೆ ಐತಿ, ಇದು ನನ್ನದು’ ಅಂದ್ಲು. ಮೊದಲ ಯಾಕ ಹೇಳಲಿಲ್ಲ? ‘ಹಸಿವಿ ಭಾಳ ಆಗಿರಬೇಕು ಅಂತ ಸುಮ್ಮನಿದ್ದೆ’ ಅಂದ್ಲು. ಜಾಣಿ. ನನ್ನ ಪ್ಲೇಟ ಅಕಿಗೆ ಸರಿಸಿದೆ. ಅಕಿಗೆ ಲಾಭ. ನಂದ್ರಾಗ ಮಿರ್ಚಿ ಎರಡಿದ್ವು.

ದಿನಾನ ಹಂಗಿತ್ತು. ಮುಂಜಾನೆ ಎದ್ದ ಗಳಿಗಿನ ಸರಿ ಇರಲಿಲ್ಲ.

ಅಲ್ಲಿಂದ ಸೀರಿ ತರಾಕ ಶಿಗ್ಲಿ ಮುಟ್ಟಿದೆ. ದೇವಪ್ಪನ ಮನಿ ನನಗ ಗೊತ್ತಿಲ್ಲೇನು? ಇಪ್ಪತ್ತು ವರ್ಷದಿಂದ ನನ್ನ ನೂಲು ಅವನ ಮಗ್ಗದಾಗ ಹೊಕ್ಕೈತಿ. ಸೀದಾ ಒಳಗ ಹೋದೆ. ಕಟ್ಟಿ ಮ್ಯಾಲ ಕುಂತೆ. ಹೆಣ್ಣಮಗಳು ನೀರ ಕೊಟ್ಲು, ಚಾ ಕೊಟ್ಲು. ಕುಡದೆ. ಮಳಿ-ಬೆಳಿ ಮಾತಾಡಿದ್ಲು. ಮಾತಾಡಿದೆ. ಅರ್ಧ ತಾಸಾತು. ‘ದೇವಪ್ಪ ಎಲ್ಲಿ ಹ್ವಾದ?’ ಅಂದೆ. ‘ಅವ್ರು ಬಾಜೂ ಮನ್ಯಾಗ ಅದಾರ ಅಣ್ಣಾರ. ಇದು ನನ್ನ ಮನಿ’ ಅಂದ್ಲು. ಸುಗ್ರಾಬಿ ಅಂತ ಅಕಿ ಹೆಸರು. ಅಷ್ಟೊತ್ತು ಯಾಕ ಹೇಳಲಿಲ್ಲವಾ ತಾಯಿ, ಅಂದೆ. ‘ಮನಿಗಿ ಬಂದವ್ರನ್ನ ಯಾಕ ಬಂದೀರಿ ಅಂತ ಹೆಂಗ ಕೇಳೂದ್ರಿ?’ ಅಂದ್ಲು.

ಛಲೋ ಚಾ. ಶುಂಠಿ ಹಾಕಿದ್ಲು.

ಹೂಂ? ಸೀರಿ. ಹಾಂ. ಮೊದಲ ನೀರ ಕೊಡು. ಗಂಟಲ ಒಣಗೈತಿ. ನಾ ಇಷ್ಟು ಮಾತಾಡಿ ಎಷ್ಟು ವರ್ಷಾತು? ನಿನಗೂ ಆಶ್ಚರ್ಯ ಆಗಿರಬೇಕು. ಬಿಡು.

ಆ ದೇವಪ್ಪನೂ ಸರಿ ಇಲ್ಲ. ಸೀರಿ ಮಡಚಿ ಕೊಟ್ಟ. ಕೊಟ್ಟು ಅಲ್ಲೇ ನಿಂತ. ‘ಕಾಕಾ, ಕುಬಸಕ್ಕ ಅಂದಿದ್ರಲ್ಲರಿ?’ ಅಂದ. ಹೂಂ ಅಂದೆ. ‘ಬಣ್ಣ ಇದ ಹಿಡೀರಿ ಅಂತ ನೀವ ಹೇಳಿದ್ರಲ್ಲರಿ?’ ಹೂಂ ಅಂದೆ. ಮತ್ತ ನಿಂತ. ‘ಕಾಕಾ, ಒಂದ ಸಲ ಬಾಗಲದಾಗ ಬೆಳಕಿಗೆ ಹಿಡದು ನೋಡ್ತೀರೇನ್ರಿ?’ ಅಂದ. ಸಿಟ್ಟ ಬಂತು. ಲೇ, ನಿಮ್ಮಪ್ಪ ಮಗ್ಗದ ಮುಂದ ಕುಂಡ್ರೂಕಿಂತ ಮೊದಲ ನಾ ಬಣ್ಣ ಹಾಕೀನಿ, ನನಗ ಕಲಸ್ತೀಯೇನು, ಅಂದೆ. ಗಂಟು ಕಟ್ಟಿ ಕೊಟ್ಟ. ಬಸ್ ಸ್ಟ್ಯಾಂಡ ತನಕ ಬಂದ. ಗಾಡಿ ಹತ್ತಿಸಿದ. ಕೈ ಹಿಡದು ಹತ್ತಿಸಿದ! ನಾ ಏನು ಮುದುಕನಾ?

...ಹೌದು. ಮುದುಕ. ಅದರಾಗ ನಗೂದೇನೈತಿ?

ಬಿಚ್ಚತೀನಿ. ಬಿಚ್ಚತೀನಿ ತಡಿ. ಕೈ ಒರಸಿಕೊಂಡು ಬಾ. ಎಣ್ಣಿ ಕೈ ಹಚ್ಚಬ್ಯಾಡ. ಲೈಟ ಹಾಕಿದೇನು? ಹಾಕು.

ನೋಡು.

ಹೆಂಗೈತಿ? ಎಳೀ ಜ್ವಾಳದ ಗರಿ ಇದ್ದಂಗ ಇಲ್ಲ? ಹಳದಿ ಎಷ್ಟು, ನೀಲಿ ಎಷ್ಟು ಅನ್ನೂದು ತೂಕ ಮಾಡಂಗಿಲ್ಲ ನಾ. ಕೈಗೆ ಗೊತ್ತು. ಈ ಸಲ ಹಳದಿ ಭಾಳ ಬೇಕಾಗಲೇ ಇಲ್ಲ. ಒಂದ ಅದ್ದಿಗೇ ಹಸರಾತು.

ಯಾಕ ಸುಮ್ಮನಿದ್ದಿ?

ಅಂಚು ನೋಡು. ದೇವಪ್ಪ ಅಂಚು ಛಲೋ ಹಿಡದಾನ.

ರೇಣುಕಾ?

ಎಲ್ಲಿಗಿ ಎದ್ದಿ? ಟ್ರಂಕ ಯಾಕ ತಗದಿ?... ಬಳಿ ಸಪ್ಪಳ. ಅಂಕಿತಾಗ ತಂದ ಬಳಿ ಅಲ್ಲೇನು ಅವು? ಗೊತ್ತೈತಿ, ಹಸರ ಬಳಿ. ಸೀರಿ ಮ್ಯಾಲ ಯಾಕ ಇಟ್ಟಿ? ಕೂಡತಾವಲ್ಲ. ಬಳಿ ಹಸರು. ಸೀರಿ ಹಸರು...

ಏನರ ಅನ್ನು.

ಬೈಯಿ ಬೇಕಾದ್ರ. ಸುಮ್ಮನ ನಿಂದ್ರಬ್ಯಾಡ. ನೀ ಸುಮ್ಮನ ನಿಂತ್ರ ನನಗೇನೂ ತಿಳಿಯಂಗಿಲ್ಲ. ನಿನ್ನ ಮುಖ ನೆಟ್ಟಗ ಕಾಣಂಗಿಲ್ಲ ನನಗ. ಯುಗಾದಿಯಿಂದ.

...

ಏನಂದಿ? ನೀಲಿ ಏನು?

ನೀಲಿ.

ಪೊರಿ ಬಂದೈತಿ. ಎರಡೂ ಕಣ್ಣಿಗೆ. ಎಲ್ಲಾ ಹಳದಿ ಹಳದಿ ಕಾಣ್ತೈತಿ. ದವಾಖಾನ್ಯಾಗ ಆಗಲೇ ಹೇಳ್ಯಾರ. ಚೀಟಿ ನನ್ನ ಮಡಚಿಟ್ಟ ಧೋತರದ ಕೆಳಗ ಐತಿ. ಕಣ್ಣು ಮಬ್ಬಾದ ಬಣ್ಣಗಾರಗ ಯಾರು ನೂಲು ಕೊಡ್ತಾರ, ಹೇಳು? ಅದಕ್ಕ ಹೇಳಲಿಲ್ಲ. ನಿನಗೂ ಹೇಳಲಿಲ್ಲ.

ಅಳಾಕತ್ತೀಯೇನು?... ಏ, ನಗಾಕತ್ತೀದಿ! ಪೆಂಡಾಲಿನ ಮನಷಾ ನೆನಪಾದ್ನೇನು? ನಗು. ಪಾಪ, ದೇವಪ್ಪಗ ನಾ ಭಾಳ ಬೈದೀನಿ.

ಆತು. ಸೋಮವಾರ ದವಾಖಾನಿಗಿ ಬರ್ತೀನಿ. ಇದನ್ನ ನೀ ಉಡು, ನೀಲಿ ನಿನಗ ಒಪ್ಪತೈತಿ. ಒಲಿ ಆರಸು, ಅಂಗಡಿ ಇನ್ನೂ ತೆರದಾವ. ಹಸರ ಸೀರಿ ತರೋಣು ನಡಿ.

ಬಣ್ಣ ನೀ ನೋಡಬೇಕು.